ವಿದ್ಯಾರ್ಥಿಯ ಯಾಚನೆ

ಯಾಚನೆಯು ಮನುಷ್ಯನನ್ನು ಹಗುರಮಾಡುತ್ತದೆಂದು ನಮ್ಮ ನೀತಿಕಾರರು ಒಕ್ಕೊರಲಿನಿಂದ ಹೇಳಿದ್ದಾರೆ. ಬೇಡುವವನ ಮುಖ ಬಾಡುವುದನ್ನೂ ಧ್ವನಿ ಕುಗ್ಗುವುದನ್ನೂ ಅವರು ವರ್ಣಿಸಿ ದಣಿದವರಲ್ಲ. ಆದರೆ ಅದೇ ಹಿರಿಯರು ವಿದ್ಯಾರ್ಥಿಗೆ ಮಾತ್ರ ಯಾಚನೆಯನ್ನು ಧರ್ಮವೆಂದೇ ವಿಧಿಸಿದರು. ಉಪನೀತನಾದ ವಟುವು ಮೊದಲು ಮಾಡತಕ್ಕ ಕೆಲಸವೇ ಭಿಕ್ಷೆ. ಅದರಲ್ಲಿಯೂ ಮೊದಲ ಭಿಕ್ಷೆ ತಾಯಿಯ ಕೈಯದು. ಮನೆಯಲ್ಲಿ ಕಣಜ ತುಂಬಿದ್ದವನೂ ಆ ದಿವಸ ಕೈಯೊಡ್ಡಿ ನಿಲ್ಲಬೇಕು. ಕಲಿಯುವವನು ಬೇಡುವುದು ತನ್ನ ಹೊಟ್ಟೆಯೊಂದಕ್ಕಲ್ಲ, ಅವನನ್ನು ಸಾಕುವ ಹೊಣೆ ಊರಿನದು, ಆದುದರಿಂದ ಬೇಡಿದವನು ಕುಗ್ಗಬೇಕಾದುದಿಲ್ಲ, ಕೊಟ್ಟವನು ಬೀಗಬೇಕಾದುದೂ ಇಲ್ಲ ಎಂಬುದು ಈ ವಿಧಿಯ ಅಭಿಪ್ರಾಯವಾಗಿದ್ದಿರಬೇಕು.

ಈಗಲಾದರೋ, ಮಗನಿಗೋ ಮಗಳಿಗೋ ಕಾಲೇಜಿನಲ್ಲಿ ಸ್ಥಳ ದೊರೆತ ಮನೆಗಳಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. "ನಾವು ಯಾರ ಮುಂದೆಯೂ ಕೈಚಾಚಿದ ವಂಶದವರಲ್ಲ" ಎಂದು ವಿದ್ಯಾರ್ಥಿವೇತನದ ಅರ್ಜಿಯನ್ನೇ ಮುಟ್ಟದವರದು ಒಂದು. "ಸರ್ಕಾರದ ದುಡ್ಡು, ಯಾರಪ್ಪನ ಗಂಟು? ವರಮಾನವನ್ನು ಸ್ವಲ್ಪ ಇಳಿಸಿ ಬರೆಯಿಸಿದರಾಯಿತು" ಎನ್ನುವವರದು ಇನ್ನೊಂದು. ಮೊದಲನೆಯದನ್ನು ಲೋಕವು ಅಭಿಮಾನವೆಂದು ಕರೆಯುತ್ತದೆ, ಎರಡನೆಯದನ್ನು ಜಾಣತನವೆಂದು. ಮೇಲಕ್ಕೆ ಇವು ಒಂದಕ್ಕೊಂದು ವಿರುದ್ಧವಾಗಿ ಕಂಡರೂ ಎರಡರ ಬೇರೂ ಒಂದೇ. ಮನೆಯ ನಿಜವಾದ ಲೆಕ್ಕವನ್ನು ಇನ್ನೊಬ್ಬರ ಕಣ್ಣಿಗೆ ಬೀಳಿಸಲು ಇಬ್ಬರಿಗೂ ಇಷ್ಟವಿಲ್ಲ.

ರಘುವಂಶದ ಐದನೆಯ ಸರ್ಗದಲ್ಲಿ ಕಾಳಿದಾಸನು ಹೇಳಿರುವ ಕೌತ್ಸನ ಕಥೆಯನ್ನು ಇಲ್ಲಿ ನೆನೆಯಬಹುದು. ಕೌತ್ಸನು ವರತಂತುವಿನ ಶಿಷ್ಯ. ವಿದ್ಯೆ ಮುಗಿದ ಮೇಲೆ ಗುರುದಕ್ಷಿಣೆ ಏನು ಕೊಡಲೆಂದು ಕೇಳಿದನು. ನೀನು ಮಾಡಿದ ಸೇವೆಯೇ ಸಾಕೆಂದರು ಗುರುಗಳು. ಶಿಷ್ಯನು ಬಿಡದೆ ಪೀಡಿಸಿದಾಗ ಅವರಿಗೆ ಕೋಪ ಬಂದು, ಕಲಿಸಿದ ಹದಿನಾಲ್ಕು ವಿದ್ಯೆಗಳಿಗೆ ಹದಿನಾಲ್ಕು ಕೋಟಿ ದ್ರವ್ಯವನ್ನು ತಂದುಕೊಡು ಎಂದುಬಿಟ್ಟರು. (ಶುಲ್ಕವು ಹೀಗೆ ಏರುವುದಕ್ಕೆ ಅಲ್ಲಿ ಶಿಷ್ಯನ ಹಟವಾದರೂ ಕಾರಣವಾಗಿತ್ತು, ಈಗ ಅಷ್ಟೂ ಬೇಕಿಲ್ಲ.) ಕೌತ್ಸನು ರಘುಮಹಾರಾಜನ ಬಳಿಗೆ ಬಂದನು. ಅರಸನು ವಿಶ್ವಜಿತ್ ಯಾಗದಲ್ಲಿ ಸರ್ವಸ್ವವನ್ನೂ ಕೊಟ್ಟು ಮುಗಿಸಿದ್ದ ಸಮಯವದು. ಚಿನ್ನದ ಪಾತ್ರೆಯಿಲ್ಲದೆ ಮಣ್ಣಿನ ಪಾತ್ರೆಯಲ್ಲಿ ಅರ್ಘ್ಯವನ್ನು ಹಿಡಿದು ಎದುರುಗೊಂಡನು. ಕೌತ್ಸನಿಗೆ ಆ ಪಾತ್ರೆಯೇ ಎಲ್ಲವನ್ನೂ ಹೇಳಿತು. ಅವನು ಬಂದ ಕಾರ್ಯವನ್ನು ಒತ್ತಾಯಿಸದೆ, ಬೇರೆ ಕಡೆ ನೋಡುತ್ತೇನೆಂದು ಹೊರಟನು. ಅರಸನು ತಡೆದು, ವಿಷಯವನ್ನು ಕೇಳಿ ತಿಳಿದು, ಎರಡು ಮೂರು ದಿವಸ ಕಾಯಬೇಕೆಂದು ಬೇಡಿಕೊಂಡನು. ಮುಂದೆ ಕುಬೇರನ ಮೇಲೆ ದಂಡೆತ್ತುವ ನಿಶ್ಚಯವಾದುದೂ ಭಂಡಾರದಲ್ಲಿ ಚಿನ್ನದ ಮಳೆ ಸುರಿದುದೂ ಎಲ್ಲರಿಗೂ ತಿಳಿದದ್ದೇ. ಬಿದ್ದ ಚಿನ್ನವನ್ನೆಲ್ಲ ಒಯ್ಯಬೇಕೆಂದು ದಾತನು. ಗುರುವಿಗೆ ಸಲ್ಲತಕ್ಕದ್ದಕ್ಕಿಂತ ಒಂದು ಗುಂಜಿಯೂ ಒಲ್ಲೆನೆಂದು ಯಾಚಕನು. ಸಾಕೇತದ ಜನ ಇಬ್ಬರನ್ನೂ ಕೊಂಡಾಡಿದರು.

ಓದುವವರು ಸಾಮಾನ್ಯವಾಗಿ ಚಿನ್ನದ ಮಳೆಯಲ್ಲಿಯೇ ನೆನೆದುಬಿಡುತ್ತಾರೆ. ವಿಚಾರಕ್ಕೆ ಯೋಗ್ಯವಾದುದು ಆ ಮಣ್ಣಿನ ಪಾತ್ರೆ. ತನ್ನಲ್ಲಿ ಏನೂ ಇಲ್ಲವೆಂಬುದನ್ನು ಅರಸನು ಮರೆಮಾಡಲಿಲ್ಲ. ತನಗೆ ಬೇಕಾದುದು ಇಷ್ಟೇ ಎಂಬುದನ್ನು ವಿದ್ಯಾರ್ಥಿಯೂ ಮರೆಮಾಡಲಿಲ್ಲ. ಇಬ್ಬರ ಲೆಕ್ಕವೂ ಇಬ್ಬರಿಗೂ ಕಾಣುತ್ತಿದ್ದುದರಿಂದಲೇ ಆ ಯಾಚನೆಯು ಯಾರನ್ನೂ ಹಗುರಮಾಡಲಿಲ್ಲ.

ಈಗಿನ ಕಾಲೇಜುಗಳು ಇಂಥ ಪಾತ್ರೆಯನ್ನು ಹಿಡಿದು ವಿದ್ಯಾರ್ಥಿಯನ್ನು ಎದುರುಗೊಳ್ಳುವುದು ಅಪೂರ್ವ. ಪ್ರಕಟವಾಗುವುದು ಬೋಧನಾಶುಲ್ಕ, ಮನೆಯವರು ಅದನ್ನೇ ವೆಚ್ಚವೆಂದು ತಿಳಿದು ನಿಟ್ಟುಸಿರು ಬಿಡುತ್ತಾರೆ. ವಿಶ್ವವಿದ್ಯಾನಿಲಯದ ಶುಲ್ಕ, ಪರೀಕ್ಷಾಶುಲ್ಕ, ಪ್ರಯೋಗಶಾಲೆಯ ಹಣ, ಮರಳಿ ಬರುವ ಠೇವಣಿ, ಮರಳಿ ಬಾರದ ಠೇವಣಿ, "ಇತರೆ" ಎಂಬ ಒಂದೇ ಶಬ್ದದ ಕೆಳಗೆ ಅಡಗಿರುವ ಹತ್ತಾರು ಬಾಬುಗಳು, ಇವೆಲ್ಲ ಒಂದೊಂದಾಗಿ ತಲೆಯೆತ್ತುವುದು ಸೇರಿದ ಮೇಲೆ. ಇವುಗಳಿಗಿಂತಲೂ ದೊಡ್ಡದು ಊಟ ವಸತಿಯ ಖರ್ಚು. ಸರ್ಕಾರಿ ಕಾಲೇಜಿನಲ್ಲಿ ಕಡಮೆ ಶುಲ್ಕಕ್ಕೆ ಓದುವ ಹಳ್ಳಿಯ ಹುಡುಗನಿಗೂ ಬೆಂಗಳೂರಿನ ಕೋಣೆಯ ಬಾಡಿಗೆ ಕಡಮೆಯಾಗುವುದಿಲ್ಲ. ಒಂದು ವರ್ಷದ ಮೊತ್ತವನ್ನು ಕೇಳಿ ಒಪ್ಪಿದ ತಂದೆಯು ನಾಲ್ಕು ವರ್ಷದ ಮೊತ್ತವನ್ನು ಒಂದು ಹಾಳೆಯಲ್ಲಿ ಬರೆದು ನೋಡಿದ್ದರೆ ಅನೇಕ ಮನೆಗಳಲ್ಲಿ ನಿರ್ಧಾರವೇ ಬೇರೆಯಾಗುತ್ತಿತ್ತು.

ಕನ್ನಡನಾಡಿನಲ್ಲಿ ಈ ಲೆಕ್ಕದ ವಿವಾದಕ್ಕೆ ಒಂದು ಚರಿತ್ರೆಯೇ ಉಂಟು. ಸ್ಥಳಕ್ಕಾಗಿ ಕೇಳುವ ತಲೆಹಣವನ್ನು ನಿಷೇಧಿಸುವ ಶಾಸನವನ್ನು ಕರ್ನಾಟಕವು 1984ರಲ್ಲಿ ಮಾಡಿತು. ಅದೇ ಶಾಸನದ ಕೆಳಗೆ 1989ರಲ್ಲಿ ಹೊರಟ ಪ್ರಕಟಣೆಯೊಂದು ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರ್ಕಾರದ ಸ್ಥಳಗಳಿಗೆ ವರ್ಷಕ್ಕೆ 2,000 ರೂಪಾಯಿ, ರಾಜ್ಯದ ಇತರ ವಿದ್ಯಾರ್ಥಿಗಳಿಗೆ 25,000 ರೂಪಾಯಿ, ಹೊರರಾಜ್ಯದವರಿಗೆ 60,000 ರೂಪಾಯಿಯವರೆಗೆ ಎಂದು ಗೊತ್ತುಮಾಡಿತು. ಒಂದೇ ಬೆಂಚು, ಒಂದೇ ಪಾಠ, ಮೂರು ಬೆಲೆ. 1992ರ ಮೋಹಿನಿ ಜೈನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇದು ಬೇರೆ ಹೆಸರಿನ ತಲೆಹಣವೇ ಎಂದು ಹೇಳಿ, ವಿದ್ಯೆಯ ಹಕ್ಕು ಬದುಕಿನ ಹಕ್ಕಿನಲ್ಲಿ ಸೇರಿದೆಯೆಂದು ಸಾರಿತು. ಮರುವರ್ಷದ ತೀರ್ಪು ಆ ಹಕ್ಕನ್ನು ಹದಿನಾಲ್ಕು ವಯಸ್ಸಿನವರೆಗೆ ನಿಲ್ಲಿಸಿ, ಮುಂದಿನದನ್ನು ರಾಜ್ಯದ ಆರ್ಥಿಕ ಶಕ್ತಿಗೆ ಬಿಟ್ಟಿತು. 2002ರಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠವು ಅನುದಾನವಿಲ್ಲದ ಖಾಸಗಿ ಸಂಸ್ಥೆಗಳು ಯುಕ್ತವಾದ ಶುಲ್ಕವನ್ನು ತಾವೇ ಗೊತ್ತುಮಾಡಬಹುದು, ಲಾಭಕೋರತನವೂ ತಲೆಹಣವೂ ಮಾತ್ರ ಕೂಡದು ಎಂದಿತು. ಯುಕ್ತವೆಂಬುದಕ್ಕೂ ಲಾಭಕೋರತನಕ್ಕೂ ನಡುವಣ ಗೆರೆಯನ್ನು ಎಳೆಯುವ ಕಷ್ಟವು ಅಂದಿನಿಂದ ಮುಗಿದಿಲ್ಲ.

ನೆರವಿನ ಕಡೆಗೆ ತಿರುಗಿದರೆ, ಹಳೆಯ ಮನೆಗಳಲ್ಲಿ ಇನ್ನೂ ಮಾತಿನಲ್ಲಿ ಉಳಿದಿರುವುದು ವಾರಾನ್ನ. ಸೋಮವಾರ ಒಂದು ಮನೆ, ಮಂಗಳವಾರ ಒಂದು ಮನೆ, ಹೀಗೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು ಮೈಸೂರು ಬೆಂಗಳೂರುಗಳಲ್ಲಿ ಓದಿ ಮುಂದೆ ಬಂದವರು ಬಹು ಮಂದಿ. ಒಂದು ವಾರದ ಮನೆ ತಪ್ಪಿಹೋದರೆ ಆ ದಿವಸ ಏಕಾದಶಿ. ಆ ಏರ್ಪಾಡಿನಲ್ಲಿ ಅವಮಾನವೂ ಇತ್ತು, ಪ್ರೀತಿಯೂ ಇತ್ತು. ಬಡಿಸುವ ಕೈಯನ್ನು ನೋಡಿದರೆ ಯಾವುದು ಎಂದು ತಿಳಿಯುತ್ತಿತ್ತು. ಸುಳ್ಳಿಗೆ ಮಾತ್ರ ಅಲ್ಲಿ ಎಡೆ ಕಡಮೆ. ಹುಡುಗನ ಹರಕು ಪಂಚೆಯೇ ಅವನ ವರಮಾನದ ಪತ್ರ. ಈಗ ಅರ್ಜಿಯನ್ನು ನೋಡುವುದು ಗಣಕಯಂತ್ರ. ಅದರೆದುರು ನಾಚಿಕೆಪಡಬೇಕಾದುದಿಲ್ಲವೆಂಬುದು ದೊಡ್ಡ ಲಾಭ, ಅದು ಮುಖವನ್ನು ನೋಡಲಾರದೆಂಬುದು ನಷ್ಟ.

ಆದರೆ ವಾರಾನ್ನವನ್ನು ಹೊಗಳುವವರು ಒಂದು ಮಾತನ್ನು ಮರೆಯಬಾರದು. ಆ ಏಳು ಮನೆಗಳು ಜಾತಿಯನ್ನು ನೋಡಿ ತೆರೆಯುತ್ತಿದ್ದುವು. ಯಾವ ಮನೆಯೂ ತೆರೆಯದಿದ್ದವರ ಪಾಲಿಗೆ ಗೃಹಸ್ಥಧರ್ಮವೆಂಬುದು ಇರಲೇ ಇಲ್ಲ. ಅಂಥವರಿಗೆ ಮುಖ ನೋಡದೆ ಕೊಡುವ ನೆರವೇ ನೆರವು. ಬಡೋದೆಯ ಸಯಾಜಿರಾವ್ ಗಾಯಕವಾಡರು 1913ರಲ್ಲಿ ಭೀಮರಾವ್ ಅಂಬೇಡ್ಕರರಿಗೆ ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷದ ವಿದ್ಯಾರ್ಥಿವೇತನವನ್ನು ಕೊಟ್ಟು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಕಳುಹಿಸಿದರು. ಹಿಂದಿರುಗಿದ ಮೇಲೆ ಹತ್ತು ವರ್ಷ ಸಂಸ್ಥಾನದ ಸೇವೆ ಮಾಡಬೇಕೆಂಬ ಕರಾರಿಗೆ ಅವರ ಸಹಿಯಾಗಿತ್ತು. ಕರಾರಿನಂತೆ 1917ರಲ್ಲಿ ಬಡೋದೆಗೆ ಹೋದ ಆ ಪಂಡಿತರಿಗೆ ಅಲ್ಲಿ ತಂಗಲು ಒಂದು ಕೋಣೆ ಸಿಕ್ಕಲಿಲ್ಲ. ಪಾರಸಿಗಳ ವಸತಿಗೃಹದಿಂದಲೂ ಹೊರಡಿಸಲ್ಪಟ್ಟರು. ಸೇವೆಯನ್ನು ಬಿಟ್ಟು ಮುಂಬಯಿಗೆ ಮರಳಬೇಕಾಯಿತು. ಅರಸನ ವಿದ್ಯಾರ್ಥಿವೇತನವು ಸಮುದ್ರವನ್ನು ದಾಟಿಸಿತು, ಬಡೋದೆಯ ಒಂದು ಹೊಸ್ತಿಲನ್ನು ದಾಟಿಸಲಾರದೆ ಹೋಯಿತು. ಮತ್ತೆ 1920ರಲ್ಲಿ ಅವರು ಲಂಡನ್ನಿಗೆ ಹೊರಟಾಗ ಕೂಡಿದುದು ಮೂರು ಬಗೆಯ ಹಣ: ಅಧ್ಯಾಪಕವೃತ್ತಿಯಲ್ಲಿ ಉಳಿಸಿದ್ದು, ಕೊಲ್ಹಾಪುರದ ಶಾಹು ಮಹಾರಾಜರು ಕೊಟ್ಟದ್ದು, ಸ್ನೇಹಿತರಾದ ನವಲ್ ಭಾಥೇನಾ ಅವರಿಂದ ಸಾಲವಾಗಿ ಪಡೆದದ್ದು. ವಿಶ್ವೇಶ್ವರಯ್ಯನವರು ಸಹ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮಕ್ಕಳಿಗೆ ಮನೆಪಾಠ ಹೇಳಿ ಹೊಟ್ಟೆ ಹೊರೆದರು. ಪುಣೆಯ ಎಂಜಿನಿಯರಿಂಗ್ ವ್ಯಾಸಂಗಕ್ಕೆ ಮೈಸೂರು ಸರ್ಕಾರದ ನೆರವಾಯಿತು.

ಉಳಿತಾಯ ಮತ್ತು ದುಡಿಮೆ, ದಾನ, ಸಾಲ: ವಿದ್ಯೆಯ ವೆಚ್ಚಕ್ಕೆ ಈಗಲೂ ಇವೇ ದಾರಿಗಳು. ಹೆಸರುಗಳು ಮಾತ್ರ ಹೊಸವು. ರಾಜ್ಯದ ವಿದ್ಯಾರ್ಥಿವೇತನಕ್ಕೂ ಕೇಂದ್ರದ ವಿದ್ಯಾರ್ಥಿವೇತನಕ್ಕೂ ಅಂತರ್ಜಾಲದಲ್ಲಿ ಬೇರೆಬೇರೆ ಅರ್ಜಿಗಳು, ನಾಡಕಚೇರಿಯಿಂದ ವರಮಾನದ ಪತ್ರ, ಆಧಾರ್ ಜೋಡಿಸಿದ ಬ್ಯಾಂಕಿನ ಖಾತೆ, ಕೊನೆಯ ತಾರೀಖು. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಅರ್ಹನಾದವನ ಹಣ ನಿಲ್ಲುತ್ತದೆಯಾದುದರಿಂದ ಫಲಿತಾಂಶಕ್ಕೆ ಮೊದಲೇ ಇವನ್ನು ಒದಗಿಸಿಟ್ಟುಕೊಳ್ಳುವ ಮನೆಯೇ ಬುದ್ಧಿಯುಳ್ಳ ಮನೆ. ಹಿಂದಿರುಗಿಸಬೇಕಾಗಿಲ್ಲದ ಹಣವನ್ನು ಮೊದಲು ಹುಡುಕಿ, ಕೊರತೆ ಬಿದ್ದಷ್ಟಕ್ಕೆ ಮಾತ್ರ ಸಾಲಕ್ಕೆ ಹೋಗತಕ್ಕದ್ದು. ಅನೇಕರು ಈ ಕ್ರಮವನ್ನು ತಲೆಕೆಳಗು ಮಾಡುತ್ತಾರೆ. ಸಾಲವಾದರೆ ಮರ್ಯಾದೆ, ವೇತನವಾದರೆ ಭಿಕ್ಷೆ ಎಂಬ ಭ್ರಾಂತಿ.

ಸಾಲದ ಮರ್ಯಾದೆಗೆ ಬೆಲೆ ಎಷ್ಟೆಂಬುದನ್ನು ಲೆಕ್ಕಹಾಕಬೇಕು. ವರ್ಷಕ್ಕೆ ಒಂದು ಲಕ್ಷದಂತೆ ನಾಲ್ಕು ವರ್ಷ ನಾಲ್ಕು ಲಕ್ಷ ರೂಪಾಯಿ ಸಾಲವೆಂದೂ, ಲೆಕ್ಕದ ಸೌಕರ್ಯಕ್ಕಾಗಿ ಬಡ್ಡಿ ನೂರಕ್ಕೆ ಹತ್ತೆಂದೂ ಇಟ್ಟುಕೊಳ್ಳೋಣ. ಓದು ಮುಗಿದು ಇನ್ನೊಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ. ಇದನ್ನು ಕೇಳಿ ಜನ ಬಡ್ಡಿಯೂ ಇಲ್ಲವೆಂದು ತಿಳಿಯುತ್ತಾರೆ. ಬಡ್ಡಿ ಸರಳಬಡ್ಡಿಯಾಗಿ ಬೆಳೆಯುತ್ತಲೇ ಇರುತ್ತದೆ. ಮೊದಲನೆಯ ಲಕ್ಷಕ್ಕೆ ಐದು ವರ್ಷದ ಬಡ್ಡಿ 50,000, ಎರಡನೆಯದಕ್ಕೆ 40,000, ಮೂರನೆಯದಕ್ಕೆ 30,000, ನಾಲ್ಕನೆಯದಕ್ಕೆ 20,000, ಒಟ್ಟು 1,40,000. ಕಂತು ಆರಂಭವಾಗುವಾಗ ತಲೆಯ ಮೇಲಿರುವುದು ನಾಲ್ಕು ಲಕ್ಷವಲ್ಲ, 5,40,000. ಅದನ್ನು ಹತ್ತು ವರ್ಷದಲ್ಲಿ ತೀರಿಸುವುದಾದರೆ ತಿಂಗಳಿಗೆ ಸುಮಾರು 7,136 ರೂಪಾಯಿ. ಒಟ್ಟು ತೆತ್ತದ್ದು ಎಂಟೂವರೆ ಲಕ್ಷವನ್ನು ಮೀರುತ್ತದೆ. ಓದುತ್ತಿರುವಾಗಲೇ ಬಡ್ಡಿಯನ್ನು ಕಟ್ಟುತ್ತ ಬಂದರೆ ತಿಂಗಳ ಕಂತು ಸುಮಾರು 5,286ಕ್ಕೆ ಇಳಿಯುತ್ತದೆ. ಕಾಗದದಲ್ಲಿ ವಿದ್ಯಾರ್ಥಿಯ ಜೊತೆಗೆ ತಂದೆತಾಯಿಗಳ ಸಹಿಯೂ ಬೀಳುವುದರಿಂದ ಮಗ ಕೆಲಸ ಕಾಣದಿದ್ದರೆ ಬ್ಯಾಂಕಿನವರು ಬರುವುದು ಅವರ ಬಾಗಿಲಿಗೆ. ವೃತ್ತಿಶಿಕ್ಷಣ, ತಾಂತ್ರಿಕಶಿಕ್ಷಣಗಳ ಸಾಲದಲ್ಲಿ ಕಂತಿಗೆ ಮೊದಲಿನ ಈ ಬಡ್ಡಿಯನ್ನು ತಾನೇ ಹೊರುವ ಒಂದು ಏರ್ಪಾಡನ್ನು ಕೇಂದ್ರ ಸರ್ಕಾರವು 2009ರಲ್ಲಿ ಮಾಡಿತು. ಕುಟುಂಬದ ವಾರ್ಷಿಕ ವರಮಾನ ನಾಲ್ಕೂವರೆ ಲಕ್ಷವನ್ನು ಮೀರಿರಕೂಡದು. 2024ರ ನವೆಂಬರಿನಲ್ಲಿ ಒಪ್ಪಿಗೆಯಾದ ಇನ್ನೊಂದು ಯೋಜನೆಯಲ್ಲಿ ಎಂಟು ಲಕ್ಷದವರೆಗಿನ ವರಮಾನದವರಿಗೆ ನೂರಕ್ಕೆ ಮೂರರ ಬಡ್ಡಿ ರಿಯಾಯಿತಿ ಉಂಟು. ಆದರೆ ಅದು ಗೊತ್ತಾದ ಪಟ್ಟಿಯ ವಿದ್ಯಾಸಂಸ್ಥೆಗಳಿಗೆ, ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿಗಳಿಗೆ ಮಾತ್ರ.

ಧರ್ಮಸಂಕಟವು ಹುಟ್ಟುವುದು ಈ ನಾಲ್ಕೂವರೆ ಲಕ್ಷದ ಗೆರೆಯ ಮೇಲೆ. ತಾಲ್ಲೂಕಿನ ಊರೊಂದರಲ್ಲಿ ಸಹಕಾರ ಸಂಘದ ಗುಮಾಸ್ತನೊಬ್ಬನ ಮನೆಯನ್ನು ವಾಚಕರು ಕಲ್ಪಿಸಿಕೊಳ್ಳಲಿ. ಅವನ ಸಂಬಳ ವರ್ಷಕ್ಕೆ 4,38,000. ಎರಡು ಎಕರೆ ತೆಂಗಿನ ತೋಟದಿಂದ ಖರ್ಚು ಕಳೆದು ಬರುವುದು 24,000. ಒಟ್ಟು 4,62,000. ಮಗಳಿಗೆ ಬೆಂಗಳೂರಿನ ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸ್ಥಳ ದೊರೆತಿದೆ. ಹೊಸ ಯೋಜನೆಯ ಪಟ್ಟಿಯಲ್ಲಿ ಆ ಕಾಲೇಜಿಲ್ಲ. ಎಂಟು ಲಕ್ಷದೊಳಗಿನ ವರಮಾನದವರಿಗೆ ಬೋಧನಾಶುಲ್ಕವನ್ನು ಬಿಡುವ ಹೆಚ್ಚುವರಿ ಸ್ಥಳಗಳು ನೂರಕ್ಕೆ ಐದು, ಎಂದರೆ ಅರವತ್ತರ ತರಗತಿಗೆ ಮೂರು. ಅವಳ ಕ್ರಮಸಂಖ್ಯೆ ಸ್ವಲ್ಪದರಲ್ಲಿ ತಪ್ಪಿತು. ಆ ಮೂರರಲ್ಲಿ ಒಂದು ಅಕ್ಕಿ ಗಿರಣಿಯಲ್ಲಿ ಪಾಲುಳ್ಳವರ ಮಗನಿಗೆ ಹೋಯಿತೆಂದೂ, ಅವರ ವರಮಾನದ ಪತ್ರದಲ್ಲಿ ಗಿರಣಿಯೇ ಇರಲಿಲ್ಲವೆಂದೂ ಊರಿನಲ್ಲಿ ಮಾತು. ಗುಮಾಸ್ತನು ಎರಡು ದಿವಸ ಊಟ ಸೇರದೆ ಕುದಿದನು. ಮೂರನೆಯ ದಿವಸ ಭಾವಮೈದುನನು ಬಂದು ಜಗಲಿಯ ಮೇಲೆ ಕುಳಿತು, "ಭಾವ, ಸಂಬಳವನ್ನಷ್ಟೆ ಬರೆಯಿಸಿ. ತೆಂಗಿನಕಾಯಿಯ ದುಡ್ಡು ಯಾವ ಕಾಗದದಲ್ಲಿದೆ? ಒಂದು ಲಕ್ಷ ನಲವತ್ತು ಸಾವಿರದ ಬಡ್ಡಿ ಮನ್ನಾ ಆಗುತ್ತದೆ" ಎಂದನು.

ಅವನ ಮಾತನ್ನು ದುರ್ಬೋಧನೆಯೆಂದು ತಳ್ಳಿಬಿಡುವುದು ಸುಲಭ, ನ್ಯಾಯವಲ್ಲ. ವರ್ಷಕ್ಕೆ ಹನ್ನೆರಡು ಸಾವಿರ ಹೆಚ್ಚು ಗಳಿಸಿದ ತಪ್ಪಿಗೆ ಒಂದು ಲಕ್ಷ ನಲವತ್ತು ಸಾವಿರದ ದಂಡವೆಂದರೆ ಅದು ಗೆರೆಯನ್ನು ಎಳೆದವರ ಅವಿವೇಕ. ಇಳಿಜಾರು ಇರಬೇಕಾದ ಕಡೆ ಅವರು ಗೋಡೆ ಕಟ್ಟಿದ್ದಾರೆ. ವರಮಾನ ಏರಿದಂತೆ ರಿಯಾಯಿತಿಯು ಮೆಲ್ಲಮೆಲ್ಲನೆ ಇಳಿಯುವಂತೆ ಮಾಡಿದ್ದರೆ ಸುಳ್ಳು ಹೇಳುವುದರಲ್ಲಿ ಇಷ್ಟು ಲಾಭವೇ ಇರುತ್ತಿರಲಿಲ್ಲ. ಪ್ರಜೆಗಳ ಸತ್ಯವನ್ನು ಇಷ್ಟು ತುಟ್ಟಿಯಾಗಿ ಮಾಡುವ ವಿಧಿಯನ್ನು ಬರೆದವರೂ ಆ ಸುಳ್ಳಿನಲ್ಲಿ ಪಾಲುಗಾರರೇ. ಬಡ್ಡಿಯ ರಿಯಾಯಿತಿಯಲ್ಲಿ ಇಂಥ ಮಗುವಿನ ಪಾಲು ತಪ್ಪಿತೆಂದು ಬೆರಳು ಮಾಡಿ ತೋರಿಸಲೂ ಬರುವುದಿಲ್ಲ. ಮೂರು ಸ್ಥಳಗಳ ಲೆಕ್ಕದಲ್ಲಿ ಹಾಗಲ್ಲ. ಅಲ್ಲಿ ತಪ್ಪಿದವಳು ಒಳಮನೆಯಲ್ಲಿಯೇ ಕುಳಿತಿದ್ದಾಳೆ.

ಹಾಗಾದರೆ ಗಿರಣಿಯವರದು ಪಾಪ, ತೆಂಗಿನಕಾಯಿಯದು ಉಪಾಯ ಎನ್ನಬಹುದೆ? ಗಿರಣಿಯವರೂ ತಮ್ಮ ಮನೆಯ ಜಗಲಿಯಲ್ಲಿ ಇಂಥದೇ ಮಾತನ್ನು ಆಡಿಕೊಂಡಿರಬೇಕು. ವ್ಯಾಪಾರದ ಏರಿಳಿತ, ತಂಗಿಯ ಮದುವೆಯ ಸಾಲ, ಎಲ್ಲರೂ ಮಾಡುತ್ತಾರೆಂಬ ಸಮಾಧಾನ, ಯಾವುದಕ್ಕೂ ಅವರಲ್ಲಿ ಕೊರತೆಯಿರಲಾರದು. ಮೊತ್ತವು ಸಣ್ಣದೆಂಬುದನ್ನು ಬಿಟ್ಟರೆ ಗುಮಾಸ್ತನ ಪಕ್ಷದಲ್ಲಿ ಅವರಿಗೆ ಇಲ್ಲದ ವಾದ ಒಂದೂ ಇಲ್ಲ. ಇನ್ನೊಂದು ಸಂಗತಿಯೂ ಉಂಟು. ಪತ್ರವನ್ನು ತರುವವನು ತಂದೆ. ಅರ್ಜಿಯ ಕೊನೆಯಲ್ಲಿ, ಮೇಲೆ ಹೇಳಿದುದೆಲ್ಲ ನಿಜವೆಂದು ಒಪ್ಪಿಕೊಳ್ಳಬೇಕಾದವಳು ಹದಿನೆಂಟು ತುಂಬಿದ ಮಗಳು. ವಯಸ್ಕಳಾಗಿ ಅವಳು ಹಾಕುವ ಮೊದಲನೆಯ ಸಹಿಗಳಲ್ಲಿ ಅದೊಂದು.

ಛಾಂದೋಗ್ಯದಲ್ಲಿ ಬರುವ ಸತ್ಯಕಾಮನ ಕಥೆಯಲ್ಲಿ ಎಲ್ಲರೂ ಹುಡುಗನನ್ನು ಹೊಗಳುತ್ತಾರೆ. ಗೌತಮನು ಗೋತ್ರವನ್ನು ಕೇಳಿದಾಗ ತಾಯಿ ಹೇಳಿದುದನ್ನು ಅವನು ಹಾಗೆಯೇ ಒಪ್ಪಿಸಿದನು: ಯೌವನದಲ್ಲಿ ಅನೇಕರ ಸೇವೆಯಲ್ಲಿದ್ದು ಪಡೆದ ಮಗು, ಗೋತ್ರ ಯಾವುದೆಂದು ತಾಯಿಗೂ ತಿಳಿಯದು. ಆದರೆ ಹೊಗಳಿಕೆಯ ಮೊದಲ ಪಾಲು ಸಲ್ಲಬೇಕಾದುದು ಜಬಾಲೆಗೆ. ಯಾವುದಾದರೊಂದು ಗೋತ್ರದ ಹೆಸರನ್ನು ಹೇಳಿ ಅವಳು ಮಗನನ್ನು ಕಳುಹಿಸಬಹುದಾಗಿತ್ತು. ಅದೂ ಯಾವ ಕಾಗದದಲ್ಲಿಯೂ ಇರಲಿಲ್ಲ. ಸತ್ಯವನ್ನು ಹೇಳಿದರೆ ಆಶ್ರಮದ ಬಾಗಿಲು ಮುಚ್ಚಬಹುದೆಂಬುದು ಅವಳಿಗೆ ತಿಳಿಯದ ವಿಷಯವಲ್ಲ. ಬಾಗಿಲು ತೆರೆದುದರಿಂದ ಕಥೆ ಉಳಿಯಿತು. ಮುಚ್ಚಿದ್ದರೂ ಅವಳು ಹೇಳಿದುದು ಅದೇ ಆಗಿರುತ್ತಿತ್ತು.

ಗುಮಾಸ್ತನ ಮನೆಯಲ್ಲಿ ಆ ರಾತ್ರಿ ಯಾರೂ ಛಾಂದೋಗ್ಯವನ್ನು ಎತ್ತಲಿಲ್ಲ. ಅವನ ತಾಯಿ, ಎಂಬತ್ತು ದಾಟಿದ ಮುದುಕಿ, ಗೋಡೆಗೊರಗಿ ಕುಳಿತಿದ್ದವಳು, "ನಿಮ್ಮಪ್ಪ ಮೈಸೂರಿನಲ್ಲಿ ಓದುವಾಗ ಗುರುವಾರದ ಮನೆಯವರು ತೀರಿಹೋಗಿ ವರ್ಷವೆಲ್ಲ ಗುರುವಾರ ಉಪವಾಸವಂತೆ. ಬೇರೆ ಮನೆ ಕೇಳುವುದಕ್ಕೆ ನಾಚಿಕೆ. ಕೇಳಿದ್ದರೆ ಯಾರಾದರೂ ಹಾಕುತ್ತಿದ್ದರು ಎಂದು ಕೊನೆಯವರೆಗೂ ಹೇಳುತ್ತಿದ್ದರು" ಎಂದಳು. ಅದು ಯಾರ ಪಕ್ಷಕ್ಕೆ ಹೇಳಿದ ಮಾತೆಂದು ಯಾರಿಗೂ ಸ್ಪಷ್ಟವಾಗಲಿಲ್ಲ. ಮಗಳು ಪೆನ್ಸಿಲು ಹಿಡಿದು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬಡ್ಡಿಯನ್ನು ವರ್ಷವರ್ಷಕ್ಕೆ ಬಿಡಿಸಿ ಬರೆದಳು: ಹತ್ತು ಸಾವಿರ, ಇಪ್ಪತ್ತು, ಮೂವತ್ತು, ನಲವತ್ತು, ಮತ್ತೆ ನಲವತ್ತು. ಅದರ ಕೆಳಗೆ ತೋಟದ ಇಪ್ಪತ್ತನಾಲ್ಕು ಸಾವಿರವನ್ನು ಐದು ಸಲ ಬರೆದು ಕೂಡಿದಳು.

"ಅಪ್ಪಾ, ತೆಂಗಿನಕಾಯಿಯ ದುಡ್ಡನ್ನೂ ಬರೆಯಿಸಿ. ಬಡ್ಡಿಗೆ ಅದನ್ನೇ ಕಟ್ಟುತ್ತ ಹೋದರೆ ಐದು ವರ್ಷಕ್ಕೆ ಕೊರತೆ ಬೀಳುವುದು ಇಪ್ಪತ್ತು ಸಾವಿರ."

"ಕಾಯಿಯ ಧಾರಣೆ ಇಳಿದರೆ?" ಎಂದನು ಸೋದರಮಾವ.

ಅದಕ್ಕೆ ಅವಳಲ್ಲಿ ಉತ್ತರವಿರಲಿಲ್ಲ. ಗುಮಾಸ್ತನು ಕ್ಯಾಲೆಂಡರನ್ನು ತನ್ನ ಕಡೆಗೆ ತಿರುಗಿಸಿಕೊಂಡು ಕೂಡುಲೆಕ್ಕವನ್ನು ಇನ್ನೊಮ್ಮೆ ಮೇಲಿನಿಂದ ನೋಡಿದನು. ಬೆಳಗ್ಗೆ ನಾಡಕಚೇರಿಗೆ ಹೋಗುವಾಗ ಸಂಬಳದ ಚೀಟಿಯ ಜೊತೆಗೆ ತೋಟದ ಪಹಣಿಯನ್ನೂ ಚೀಲದಲ್ಲಿ ಇಟ್ಟುಕೊಂಡನು.